ಜಿಮ್ಮು, ತಿರುಗಾಟ, ಓದು: ಮೂರರಲ್ಲಿ ಯಾವುದನ್ನು ಬಿಡಲಿ?

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 43 ವರ್ಷ. ಹುಬ್ಬಳ್ಳಿಯಲ್ಲಿ ಉಣಕಲ್ ಹತ್ತಿರ ಮನೆ. ಸಹಕಾರಿ ಸಂಘಗಳ ಲೆಕ್ಕ ತಪಾಸಣೆ ನನ್ನ ಕೆಲಸ. ವಾರಕ್ಕೆ ಮೂರು ದಿನವಾದರೂ ಗದಗ, ರೋಣ, ಬ್ಯಾಡಗಿ, ರಾಣೆಬೆನ್ನೂರು ಅಂತ ಓಡಾಟ. ತಿಂಗಳಿಗೆ ಎರಡು ಮೂರು ರಾತ್ರಿ ಲಾಡ್ಜ್‌ನಲ್ಲಿ. ಎತ್ತರ 5 ಅಡಿ 2 ಇಂಚು, ತೂಕ 72 ಕೆಜಿ. ಮೂರು ತಿಂಗಳಲ್ಲಿ 10 ಕೆಜಿ ಇಳಿಸಬೇಕು, 10 ಕಿಲೋಮೀಟರ್ ಓಡಬೇಕು ಅಂತ ಜಿಮ್‌ಗೆ ಒಂದು ವರ್ಷದ ದುಡ್ಡು ಕಟ್ಟಿದೆ. ಬೆಳಿಗ್ಗೆ 4.45ಕ್ಕೆ ಏಳುತ್ತೇನೆ, ಮಲಗುವಾಗ ರಾತ್ರಿ 11.30 ಆಗುತ್ತದೆ. ನಾಲ್ಕು ದಿನ ಜಿಮ್‌ಗೆ ಹೋದರೆ ಐದನೇ ದಿನ ಊರೂರು ತಿರುಗುವುದು ಬರುತ್ತದೆ. ಅಲ್ಲಿಗೆ ಎಲ್ಲ ನಿಂತುಹೋಗುತ್ತದೆ. ಒಂದು ವಾರ ತಪ್ಪಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋದ ಹಾಗೆ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ಮೊಬೈಲ್ ನೋಡಿದರೆ 10 ಸಾವಿರ ಹೆಜ್ಜೆ ಎಂದೂ ಆಗಿರುವುದಿಲ್ಲ. ಈಗ ಮೊಣಕಾಲೂ ನೋಯುತ್ತಿದೆ.

ಮೊದಲು ನಾನು ಬಹಳ ಓದುತ್ತಿದ್ದೆ. 2023ರ ಜನವರಿಯಲ್ಲಿ ಹಾವೇರಿಯ ಸಾಹಿತ್ಯ ಸಮ್ಮೇಳನದಿಂದ ತಂದ 14 ಪುಸ್ತಕ ಹಾಗೇ ಇವೆ. ರಾತ್ರಿ ಕೈಗೆ ತಗೊಂಡರೆ ಎರಡು ಪುಟಕ್ಕೆ ತಲೆ ಭಾರ, ಮನಸ್ಸು ನಿಲ್ಲುವುದಿಲ್ಲ. ಬಸ್ಸಿನಲ್ಲಿ ಓದಿದರೆ ಕಣ್ಣು ಹೋಗುತ್ತದೆ ಅಂತಾರಲ್ಲ, ಅದು ನಿಜವೇ? ತಿಂಗಳಿಗೊಮ್ಮೆ ಮಕ್ಕಳ ಜೊತೆ ಎಲ್ಲಾದರೂ ಹೋಗುವುದು ನನಗೆ ಬಹಳ ಇಷ್ಟ. ಆದರೆ ಬಂದ ಮೇಲೆ ಎರಡು ದಿನ ಸುಸ್ತು. ನಮ್ಮನೆಯವರು, "ಎಲ್ಲಾ ಬೇಕು ಅಂತೀ, ಒಂದಾದ್ರೂ ಬಿಡು" ಅಂತಾರೆ. ಮೂರರಲ್ಲಿ ಯಾವುದನ್ನು ಬಿಡಲಿ?

ಉತ್ತರ: ಯಾವುದನ್ನೂ ಬಿಡಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ನೀವು ಕೇಳಿದ್ದಕ್ಕಿಂತ ನೀವು ಸುಮ್ನೆ ಹೇಳಿಹೋದ ಮಾತುಗಳೇ ನನಗೆ ಜಾಸ್ತಿ ಮುಖ್ಯ ಅನಿಸಿದವು. 43 ವರ್ಷ. ಎರಡು ಪುಟಕ್ಕೆ ತಲೆ ಭಾರ. ಐದು ಗಂಟೆ ನಿದ್ದೆ. ತಿರುಗಾಟದ ನಂತರ ಎರಡು ದಿನ ಸುಸ್ತು. ನಿಮ್ಮ ಕಷ್ಟಕ್ಕೆ ಮನಸ್ಸು ಗಟ್ಟಿ ಇಲ್ಲದ್ದು ಕಾರಣ ಅಂತ ನಿಮಗೆ ಅನಿಸಿದೆ. ಇಪ್ಪತ್ತು ವರ್ಷಕ್ಕೂ ಮೇಲೆ ಇದೇ ಊರಿನಲ್ಲಿ ರೋಗಿಗಳನ್ನು ನೋಡಿದ ನನಗೆ ಹಾಗೆ ಅನಿಸುತ್ತಿಲ್ಲ.

ಓದಿನಿಂದಲೇ ಶುರು ಮಾಡುತ್ತೇನೆ. ನೀವು ಕಣ್ಣು ತೋರಿಸಿಕೊಂಡು ಎಷ್ಟು ದಿನವಾಯಿತು? ನಮ್ಮ ಕಡೆ ಹಿರಿಯರು ಓದುವ ಕನ್ನಡಕಕ್ಕೆ ಚಾಳೀಸು ಅನ್ನುತ್ತಾರೆ. ಚಾಳೀಸ್ ಅಂದರೆ ನಲವತ್ತು. ಹೆಸರಿನಲ್ಲೇ ವಯಸ್ಸಿದೆ. ಕಣ್ಣಿನೊಳಗಿನ ಮಸೂರ ಚಿಕ್ಕ ವಯಸ್ಸಿನಲ್ಲಿ ಮೆತ್ತಗಿರುತ್ತದೆ. ಹತ್ತಿರದ ಅಕ್ಷರ ನೋಡುವಾಗ ಉಬ್ಬಿಕೊಳ್ಳುತ್ತದೆ. ವರ್ಷ ಕಳೆದ ಹಾಗೆ ಅದು ಗಟ್ಟಿಯಾಗುತ್ತಾ ಬಂದು, ನಲವತ್ತರ ಆಚೆ ಈಚೆ ಹತ್ತಿರದ್ದು ಮಸುಕಾಗುತ್ತದೆ. ಇದು ರೋಗವಲ್ಲ, ಎಲ್ಲರಿಗೂ ಬರುತ್ತದೆ. ಆದರೆ ಒಮ್ಮೆಗೇ ಬರುವುದಿಲ್ಲ. ನಿಧಾನವಾಗಿ ಬರುವುದರಿಂದ ಗೊತ್ತೇ ಆಗುವುದಿಲ್ಲ. ಪುಸ್ತಕ ಸ್ವಲ್ಪ ದೂರ ಹಿಡಿಯುತ್ತೇವೆ. ದೀಪದ ಕೆಳಗೆ ಹೋಗುತ್ತೇವೆ. ಆಮೇಲೆ ಮೊಬೈಲ್ ಕೈಗೆ ಬರುತ್ತದೆ. ಅಲ್ಲಿ ಬೆಳಕಿದೆ, ಅಕ್ಷರ ದೊಡ್ಡದು ಮಾಡಬಹುದು. ಕಣ್ಣು ಪಡುವ ಕಷ್ಟವನ್ನು ನಾವು ಮನಸ್ಸಿನ ಸೋಮಾರಿತನ ಅಂದುಕೊಳ್ಳುತ್ತೇವೆ.

ನನಗೂ ಇದೇ ಆಯಿತು. ಒಂದು ವರ್ಷ ಪೂರ್ತಿ, ನನ್ನ ಓದು ಹೋಯಿತು, ಇನ್ನು ಬರುವುದಿಲ್ಲ ಅಂತ ಬೇಸರ ಪಟ್ಟಿದ್ದೇನೆ. ಡಾಕ್ಟರ್ ಆಗಿದ್ದೂ ನನಗೆ ಹೊಳೆಯಲಿಲ್ಲ. ಕನ್ನಡಕ ಹಾಕಿಕೊಂಡ ದಿನ ರಾತ್ರಿ ಕೂತು 60 ಪುಟ ಓದಿದೆ. ಆ ಸಂತೋಷ ಇನ್ನೂ ನೆನಪಿದೆ.

ಅಂಗಡಿಯಲ್ಲಿ ಸಿಗುವ ರೆಡಿ ಕನ್ನಡಕ ತಗೊಂಡು ಸುಮ್ಮನಾಗಬೇಡಿ. ಎರಡು ಕಣ್ಣಿನ ನಂಬರು ಬೇರೆ ಬೇರೆ ಇರಬಹುದು. ನಲವತ್ತು ದಾಟಿದ ಮೇಲೆ ಕಣ್ಣಿನ ಒತ್ತಡವನ್ನೂ ನೋಡಿಸಬೇಕು. ಗ್ಲಾಕೋಮಾ ಅನ್ನುವ ಕಾಯಿಲೆ ನೋವಿಲ್ಲದೆ ಬಂದು ದೃಷ್ಟಿ ತಿನ್ನುತ್ತದೆ, ಹೋದ ದೃಷ್ಟಿ ಮರಳಿ ಬರುವುದಿಲ್ಲ. ಆದ್ದರಿಂದ ಕಣ್ಣಿನ ಡಾಕ್ಟರ ಹತ್ತಿರವೇ ಹೋಗಿ.

ಬಸ್ಸಿನಲ್ಲಿ ಓದಿದರೆ ಕಣ್ಣು ಹೋಗುತ್ತದೆ ಅನ್ನುವುದು ಸುಳ್ಳು. ಕಣ್ಣು ದಣಿಯುತ್ತದೆ, ಅಷ್ಟೇ. ತಲೆನೋವು, ಹೊಟ್ಟೆ ತೊಳಸುವುದು ಬರುವುದಕ್ಕೆ ಕಾರಣ ಬೇರೆ. ಒಳಗಿವಿ "ನಾವು ಅಲುಗಾಡುತ್ತಿದ್ದೇವೆ" ಅನ್ನುತ್ತದೆ. ಪುಸ್ತಕದ ಮೇಲೆ ನೆಟ್ಟ ಕಣ್ಣು "ಇಲ್ಲ, ನಿಂತಲ್ಲೇ ಇದ್ದೇವೆ" ಅನ್ನುತ್ತದೆ. ಎರಡು ಸುದ್ದಿ ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ. ರೈಲಿನಲ್ಲಿ ಕುಲುಕಾಟ ಕಡಿಮೆ, ಅದಕ್ಕೇ ಅಲ್ಲಿ ಓದುವುದು ಹಗುರ. ಗದಗಕ್ಕೆ ಹೋಗುವ ದಿನ ಸಮಯ ಹೊಂದಿದರೆ ರೈಲು ಹತ್ತಿ. ಅಣ್ಣಿಗೇರಿ ಬರುವಷ್ಟರಲ್ಲಿ ಹತ್ತು ಹದಿನೈದು ಪುಟ ಆಗಿರುತ್ತದೆ. ದಿನಕ್ಕೆ ಹತ್ತು ಪುಟದಂತೆ ವರ್ಷದಲ್ಲಿ 300 ದಿನ ಓದಿದರೆ 3,000 ಪುಟ. 200 ಪುಟದ ಪುಸ್ತಕವಾದರೆ ಹದಿನೈದು. ನಿಮ್ಮ ಸಮ್ಮೇಳನದ ಪುಸ್ತಕಗಳೆಲ್ಲ ಮುಗಿದು ಇನ್ನೊಂದಕ್ಕೆ ಜಾಗ ಉಳಿಯುತ್ತದೆ! ಬಸ್ಸೇ ಗತಿಯಾದ ದಿನ ಕಿವಿಯಲ್ಲಿ ಕೇಳಿ. ಕೇಳಿದ್ದು ಓದಿದ ಲೆಕ್ಕಕ್ಕೆ ಬರುತ್ತದೆಯೇ ಅಂತ ಕೆಲವರು ಕೇಳುತ್ತಾರೆ. ಕುಮಾರವ್ಯಾಸನ ಭಾರತವನ್ನು ನಮ್ಮ ಸೀಮೆಯ ಜನ ನೂರಾರು ವರ್ಷ ಗಮಕದಲ್ಲಿ ಕೇಳಿಯೇ ಬಾಯಿಪಾಠ ಮಾಡಿದವರು. ಬರುತ್ತದೆ, ಧೈರ್ಯವಾಗಿ ಲೆಕ್ಕ ಹಿಡಿಯಿರಿ.

ಈಗ ನಿದ್ದೆ. 11.30ಕ್ಕೆ ಮಲಗಿ 4.45ಕ್ಕೆ ಎದ್ದರೆ ಐದೂಕಾಲು ಗಂಟೆ. ದೊಡ್ಡವರಿಗೆ ಕನಿಷ್ಠ ಏಳು ಗಂಟೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಏರುತ್ತದೆ, ಅದೂ ಕರಿದದ್ದು, ಸಿಹಿಯಾದದ್ದು ಬೇಕು ಅನಿಸುತ್ತದೆ. ಸಂಜೆ ಐದಕ್ಕೆ ಬಸ್ ಸ್ಟ್ಯಾಂಡಿನ ಎದುರು ಗಿರ್ಮಿಟ್ ಮಿರ್ಚಿಯ ವಾಸನೆ ಬಂದಾಗ ಕಾಲು ತಾನೇ ಅತ್ತ ತಿರುಗುತ್ತದಲ್ಲ, ಅದರಲ್ಲಿ ಅರ್ಧ ಪಾಲು ಹಿಂದಿನ ರಾತ್ರಿಯದು. ತೂಕ ಇಳಿಸಲು ನಿದ್ದೆ ಕತ್ತರಿಸಿ ಜಿಮ್‌ಗೆ ಹೋಗುವುದು, ಒಂದು ಕಿಸೆಯಿಂದ ತೆಗೆದು ಇನ್ನೊಂದು ಕಿಸೆಗೆ ಹಾಕಿದ ಹಾಗೆ. ಊರೂರು ತಿರುಗುವ ದಿನ ಬೆಳಗಿನ ಜಿಮ್ ಬಿಟ್ಟುಬಿಡಿ. ಕಟ್ಟಿದ ದುಡ್ಡು ವ್ಯರ್ಥವಾಯಿತು ಅಂತ ಮರುಗಬೇಡಿ. ಹುಬ್ಬಳ್ಳಿಯಲ್ಲೇ ಇರುವ ಎರಡು ದಿನ ಹೋದರೂ ಆ ದುಡ್ಡಿಗೆ ನ್ಯಾಯ ಸಿಗುತ್ತದೆ.

ಹೇಗೆ ಅಂತೀರಾ? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಸಲಹೆ ಹೀಗಿದೆ: ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ. ಗಮನಿಸಿ, ಲೆಕ್ಕ ವಾರದ್ದು, ದಿನದ್ದಲ್ಲ. ಹಿಂದೆ ಒಂದು ಸಲಕ್ಕೆ ಕನಿಷ್ಠ ಹತ್ತು ನಿಮಿಷವಾದರೂ ಆಗಬೇಕು ಅಂತಿತ್ತು. ಅದನ್ನೂ ತೆಗೆದುಹಾಕಿದ್ದಾರೆ. ಐದು ನಿಮಿಷ ಮೆಟ್ಟಿಲು ಹತ್ತಿದ್ದೂ ಲೆಕ್ಕಕ್ಕೆ ಬರುತ್ತದೆ. ಚುರುಕು ಅಂದರೆ ಎಷ್ಟು? ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು.

10 ಸಾವಿರ ಹೆಜ್ಜೆಯ ಕಥೆ ಕೇಳಿದರೆ ನಿಮಗೆ ಸಮಾಧಾನವಾದೀತು. 1964ರ ಟೋಕಿಯೊ ಒಲಿಂಪಿಕ್ಸ್ ಆದ ಮರುವರ್ಷ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಯಂತ್ರ ಮಾರಾಟಕ್ಕೆ ತಂದಿತು. ಅದರ ಹೆಸರಿನ ಅರ್ಥವೇ "ಹತ್ತು ಸಾವಿರ ಹೆಜ್ಜೆಯ ಮಾಪಕ". ಸಂಖ್ಯೆ ಬಂದದ್ದು ಅಲ್ಲಿಂದ, ಯಾವ ಡಾಕ್ಟರೂ ಅಳೆದು ಹೇಳಿದ್ದಲ್ಲ. ಆಮೇಲೆ ನಡೆದ ಅಧ್ಯಯನಗಳಲ್ಲಿ ಏಳೆಂಟು ಸಾವಿರ ಹೆಜ್ಜೆಗೇ ಲಾಭದ ಬಹುಪಾಲು ಸಿಗುವುದು ಕಂಡಿದೆ. ನಾಲ್ಕು ಸಾವಿರ ನಡೆಯುವವರು ಆರು ಸಾವಿರಕ್ಕೆ ಬಂದರೂ ಅದು ದೊಡ್ಡ ಲಾಭವೇ.

ಇನ್ನು, ಒಂದು ವಾರ ತಪ್ಪಿದರೆ ಎಲ್ಲ ಹೋಯಿತು ಅನ್ನುವ ಮಾತು. ಈ ಮಾತು ಎಷ್ಟು ಜನರನ್ನು ವ್ಯಾಯಾಮದಿಂದ ದೂರ ಮಾಡಿದೆಯೋ! ಸ್ನಾಯುವಿನ ಬಲ ಎರಡು ಮೂರು ವಾರ ಬಿಟ್ಟರೂ ಅಷ್ಟಾಗಿ ಇಳಿಯುವುದಿಲ್ಲ. ದಮ್ಮು ಸ್ವಲ್ಪ ಬೇಗ ಇಳಿಯುತ್ತದೆ, ಎರಡು ವಾರದ ಹೊತ್ತಿಗೆ ಗೊತ್ತಾಗುತ್ತದೆ. ಆದರೆ ಮೊದಲ ಸಲ ಗಳಿಸಲು ಹಿಡಿದಷ್ಟು ಕಾಲ ಮರಳಿ ಗಳಿಸಲು ಬೇಕಾಗುವುದಿಲ್ಲ. ಗಳಿಸುವುದಕ್ಕೆ ಹೆಚ್ಚು ಬೇಕು, ಗಳಿಸಿದ್ದನ್ನು ಉಳಿಸಿಕೊಳ್ಳಲು ಕಡಿಮೆ ಸಾಕು. ಭಾರ ಕಡಿಮೆ ಮಾಡದೆ ವಾರಕ್ಕೆ ಒಂದೆರಡು ದಿನ ಮಾಡಿದರೂ ಬಲ ಉಳಿಯುತ್ತದೆ. ಊರಿಂದ ಬಂದ ಮೇಲೆ ತೂಕದ ಯಂತ್ರ ಒಂದೂವರೆ ಕೆಜಿ ಜಾಸ್ತಿ ತೋರಿಸುತ್ತದಲ್ಲ, ಅದೂ ಬಹುಪಾಲು ನೀರು. ಹೊರಗಿನ ಊಟದಲ್ಲಿ ಉಪ್ಪು ಹೆಚ್ಚು, ಅದು ನೀರು ಹಿಡಿದಿಡುತ್ತದೆ. ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಆ ಸಂಖ್ಯೆ ನೋಡಿ ಎದೆಗುಂದಬೇಡಿ.

ಮೂರು ತಿಂಗಳಲ್ಲಿ 10 ಕೆಜಿ ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಿಮ್ಮ ಎತ್ತರಕ್ಕೆ ತೂಕ ಜಾಸ್ತಿಯೇ ಇದೆ, ಇಳಿಯಬೇಕು ನಿಜ. ಆದರೆ ಅಷ್ಟು ಬೇಗ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ, ಕೂದಲು ಉದುರುತ್ತದೆ. ತೂಕದ ನೂರಕ್ಕೆ ಐದು ಪಾಲು, ಅಂದರೆ ಮೂರೂವರೆ ಕೆಜಿ ಇಳಿದರೇ ಬಿಪಿ, ಸಕ್ಕರೆ ಎರಡೂ ಸುಧಾರಿಸತೊಡಗುತ್ತವೆ. ಅದಕ್ಕೆ ಮೂರು ತಿಂಗಳು ಕೊಡಿ. ತೂಕಕ್ಕಿಂತ ಸೊಂಟದ ಸುತ್ತಳತೆ ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು.

ಸುಸ್ತಿನ ವಿಷಯ ಬೇರೆಯೇ ಇದೆ. ಒಂದು ದಿನದ ಪ್ರವಾಸಕ್ಕೆ ಎರಡು ದಿನ ಸುಸ್ತು ಅಂದರೆ ನಾನು ಮೊದಲು ರಕ್ತ ಪರೀಕ್ಷೆ ಬರೆದುಕೊಡುತ್ತೇನೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ನಿಮ್ಮ ವಯಸ್ಸಿನಲ್ಲಿ ಮುಟ್ಟು ಏರುಪೇರಾಗುವುದು, ಸ್ರಾವ ಜಾಸ್ತಿಯಾಗುವುದು ಇರುತ್ತದೆ. ಹೀಗಾದರೂ ಎಷ್ಟೋ ಜನ ಹೇಳಿಕೊಳ್ಳುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿಪಿ ಇವಿಷ್ಟನ್ನು ನೋಡಿಸಿ. ರಕ್ತ ಕಡಿಮೆ ಇದ್ದು ನೀವು ಟ್ರೆಡ್‌ಮಿಲ್ ಮೇಲೆ ಓಡುತ್ತಿದ್ದರೆ, ಅದು ಎಣ್ಣೆಯಿಲ್ಲದ ಬಂಡಿ ಎಳೆದಂತೆ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿ ಇದ್ದರೆ ಒಂದು ಗಂಟೆ ತಡ ಮಾಡಿ. ಚಹಾ ಊಟದಲ್ಲಿನ ಕಬ್ಬಿಣದ ಅಂಶ ಹೀರಿಕೊಳ್ಳಲು ಬಿಡುವುದಿಲ್ಲ. ನಿಂಬೆಹಣ್ಣು ಸಹಾಯ ಮಾಡುತ್ತದೆ.

ಇನ್ನೊಂದು ಮಾತು, ಯಾರೂ ಕೇಳುವುದಿಲ್ಲ, ನಾನೇ ಕೇಳುತ್ತೇನೆ. ತಿರುಗಾಟದ ದಿನ ನೀವು ನೀರು ಕುಡಿಯುತ್ತೀರಾ? ಶೌಚಾಲಯ ಸರಿ ಇರುವುದಿಲ್ಲ ಅಂತ ಬೆಳಿಗ್ಗೆಯಿಂದ ಸಂಜೆವರೆಗೆ ಒಂದು ಗುಟುಕೂ ಕುಡಿಯದ ಶಿಕ್ಷಕಿಯರು, ನರ್ಸುಗಳು, ಬ್ಯಾಂಕಿನ ಹೆಣ್ಣುಮಕ್ಕಳು ನನ್ನ ಹತ್ತಿರ ಉರಿಮೂತ್ರಕ್ಕೆ ಔಷಧಿ ಕೇಳಿಕೊಂಡು ಬರುತ್ತಲೇ ಇರುತ್ತಾರೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತಪ್ಪು ಅವರದಲ್ಲ. ಆದರೂ ದೇಹಕ್ಕೆ ಅದು ಗೊತ್ತಾಗುವುದಿಲ್ಲವಲ್ಲ. ತಪಾಸಣೆಗೆ ಹೋದ ಸಂಘದ ಕಚೇರಿ ತಲುಪಿದ ಕೂಡಲೇ ಎರಡು ಲೋಟ, ಊಟಕ್ಕೆ ಮುಂಚೆ ಒಂದು, ಹೊರಡುವ ಒಂದು ಗಂಟೆ ಮೊದಲು ಒಂದು. ಹೊರಡುವ ಮುಂಚೆ ಅಲ್ಲೇ ಶೌಚಾಲಯಕ್ಕೆ ಹೋಗಿ ಬನ್ನಿ, ಸಂಕೋಚ ಬೇಡ. ತಲೆನೋವು ಅರ್ಧ ಇದರಿಂದಲೇ ಇಳಿಯಬಹುದು.

ಊಟದ ಬಗ್ಗೆ ನೀವು ಕೇಳಿಲ್ಲ. ಆದರೆ ರೊಟ್ಟಿ ಬಿಟ್ಟು ಬರೀ ಸೌತೆಕಾಯಿ ತಿನ್ನುವವರನ್ನು ಬಹಳ ನೋಡಿದ್ದೇನೆ, ಅದಕ್ಕೆ ಹೇಳುತ್ತೇನೆ. ಜೋಳದ ರೊಟ್ಟಿ ನಿಮ್ಮ ವೈರಿಯಲ್ಲ. ಎರಡು ರೊಟ್ಟಿ ತಿನ್ನಿ. ಪಕ್ಕದಲ್ಲಿ ಬದನೆಕಾಯಿ ಎಣ್ಣೆಗಾಯಿ ಒಂದೇ ಇದ್ದರೆ ಸಾಲದು, ಹೆಸರುಕಾಳು ಅಥವಾ ಮಡಿಕೆಕಾಳಿನ ಪಲ್ಯ ಒಂದು ಬಟ್ಟಲು ಇರಲಿ, ಮೊಸರಿರಲಿ, ತಿನ್ನುವವರಾದರೆ ಮೊಟ್ಟೆ. ನಿಮ್ಮ ತೂಕಕ್ಕೆ ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು. ಖಾನಾವಳಿಯ ಊಟ ಹೊರಗಿನ ಊಟಗಳಲ್ಲೇ ಒಳ್ಳೆಯದು. ಕಾಳು ಪಲ್ಯ ಇನ್ನೊಮ್ಮೆ ಹಾಕಿಸಿಕೊಳ್ಳಿ, ಅನ್ನ ಅರ್ಧ ಮಾಡಿ. ಶೇಂಗಾ ಚಟ್ನಿ ಒಳ್ಳೆಯದೇ, ಆದರೆ ಒಂದು ಚಮಚದಲ್ಲಿ ನಿಲ್ಲಿಸಿ.

ಈಗ ಮುಂದಿನ ದಾರಿ. ನನಗೆ ಮೂರು ಕಾಣುತ್ತವೆ.

ಮೊದಲನೆಯದು ನೀವು ಈಗ ಮಾಡುತ್ತಿರುವುದು, ಎಲ್ಲವನ್ನೂ ದಿನಾಲೂ ಪೂರ್ತಿ ಮಾಡುವುದು. ಕೆಲವರಿಗೆ ಆಗುತ್ತದೆ. ಮನೆಯಲ್ಲಿ ಅಡುಗೆಗೆ ಬೇರೆಯವರಿದ್ದು, ಓಡಾಟ ಇಲ್ಲದವರಿಗೆ. ನಿಮಗೆ ಇದರಲ್ಲಿ ಅಪಾಯವೇ ಹೆಚ್ಚು. ಮೊಣಕಾಲಿನ ನೋವು ಅದನ್ನೇ ಹೇಳುತ್ತಿದೆ. ದಣಿದ ಮೈ, ಬಲವಿಲ್ಲದ ತೊಡೆ, ಒಮ್ಮೆಗೇ ಏರಿಸಿದ ಓಟ ಸೇರಿದರೆ ಮಂಡಿಚಿಪ್ಪಿನ ಸುತ್ತ ನೋವು ಬರುವುದು ಬಹಳ ಸಾಮಾನ್ಯ.

ಎರಡನೆಯದು, ಎಲ್ಲಿ ಹೋದರೂ ಜೊತೆಗೆ ಬರುವ ಇಪ್ಪತ್ತು ನಿಮಿಷದ ವ್ಯಾಯಾಮ. ನಮ್ಮ ಸೀಮೆಯ ಗರಡಿ ಮನೆಗಳಲ್ಲಿ ಯಂತ್ರ ಏನಿದ್ದವು? ದಂಡ, ಬೈಠಕ್, ಎತ್ತಲು ಒಂದು ಕಲ್ಲು. ಲಾಡ್ಜಿನ ಕೋಣೆಯಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂಡಿ. ಗೋಡೆಗೆ ಕೈ ಕೊಟ್ಟು ಹತ್ತು ದಂಡ ಹೊಡೆಯಿರಿ. ಲೆಕ್ಕದ ಕಡತ ತುಂಬಿದ ಬ್ಯಾಗು ಇದೆಯಲ್ಲ, ಸೊಂಟದಿಂದ ಬಗ್ಗಿ, ಬೆನ್ನು ನೆಟ್ಟಗಿಟ್ಟು ಅದನ್ನು ಹತ್ತು ಸಲ ಎತ್ತಿ ಇಳಿಸಿ. ಇಂಥ ಮೂರು ಸುತ್ತು. ತೊಡೆ ಬಲವಾದಂತೆ ಮೊಣಕಾಲಿನ ನೋವೂ ಇಳಿಯುತ್ತದೆ. ಇದರ ಕೊರತೆ ಏನೆಂದರೆ, ಎರಡು ತಿಂಗಳಾದ ಮೇಲೆ ಮೈ ಇದಕ್ಕೆ ಒಗ್ಗಿಬಿಡುತ್ತದೆ. ಆಗ ಭಾರ ಹೆಚ್ಚಿಸಬೇಕು. ಅಲ್ಲಿಗೆ ನಿಮ್ಮ ಜಿಮ್ಮು ಬೇಕಾಗುತ್ತದೆ.

ನಡಿಗೆಗೆ ತಿರುಗಾಟದ ದಿನವೇ ಜಾಸ್ತಿ ಅವಕಾಶ ಇದೆ. ಹುಬ್ಬಳ್ಳಿ ರೈಲು ನಿಲ್ದಾಣದ ಆ ಉದ್ದದ ಪ್ಲಾಟ್‌ಫಾರ್ಮ್ ಗೊತ್ತಲ್ಲ? 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು, ಉದ್ದ 1,507 ಮೀಟರ್, ಜಗತ್ತಿನಲ್ಲೇ ಹೆಚ್ಚು. ಈ ತುದಿಯಿಂದ ಆ ತುದಿಗೆ ಹೋಗಿ ಬಂದರೆ ಮೂರು ಕಿಲೋಮೀಟರ್, ಸುಮಾರು 35 ನಿಮಿಷ. ರೈಲು ತಡ ಅಂತ ಗೊತ್ತಾದರೆ ಬೆಂಚು ಹುಡುಕಬೇಡಿ, ನಡೆಯಿರಿ. ಬಸ್ಸಿಗಾಗಿ ಕಾಯುವಾಗಲೂ ಹಾಗೆಯೇ. ಬಸ್ಸಿನಲ್ಲಿ ನಾಲ್ಕು ಗಂಟೆಗಿಂತ ಜಾಸ್ತಿ ಕೂತೇ ಇರುವ ದಿನ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿರಿ. ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಇದ್ದ ಹಾಗೆ. ಅದು ಸುಮ್ಮನಾದರೆ ಕಾಲು ಬಾಯುತ್ತದೆ, ಅಪರೂಪಕ್ಕೆ ರಕ್ತ ಹೆಪ್ಪುಗಟ್ಟುತ್ತದೆ.

ಮೂರನೆಯ ದಾರಿ ನನಗೆ ಹೆಚ್ಚು ಇಷ್ಟ: ಮೂರನ್ನೂ ಋತುವಿಗೆ ಹಂಚುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ರಾಡಿ. ಆಗ ಹೊರಗೆ ಓಡುವುದು ಕಷ್ಟ, ಓದುವುದು ಸುಖ. ಆಗ ಪುಸ್ತಕ ಮುಂದೆ ಇರಲಿ, ಮನೆಯೊಳಗಿನ ಇಪ್ಪತ್ತು ನಿಮಿಷ ಸಾಕು. ದಸರೆ ಮುಗಿದ ಮೇಲೆ ಉಣಕಲ್ ಕೆರೆಯ ದಂಡೆಗೆ ಬನ್ನಿ. ಮೊದಲು ಅರ್ಧ ಗಂಟೆ ಆರಾಮಾಗಿ ನಡೆಯುವುದು ರೂಢಿಯಾಗಲಿ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ವಾರಕ್ಕೆ ಮೂರು ದಿನ. ನಿಧಾನ ಏರಿಸುತ್ತಾ ಹೋದರೆ ನಾಲ್ಕೈದು ತಿಂಗಳಲ್ಲಿ 10 ಕಿಲೋಮೀಟರ್ ಆಗಬಹುದು. ಇದರ ಅಪಾಯವೂ ಹೇಳಬೇಕು. ಋತು ಬದಲಾಗುವಾಗ ಹಿಂದಿನದನ್ನು ಪೂರ್ತಿ ಮರೆಯುವ ಸಂಭವ ಇದೆ. ಅದಕ್ಕೆ ಒಂದು ಕಟ್ಟುಪಾಡು ಇಟ್ಟುಕೊಳ್ಳಿ: ಯಾವ ಋತುವೇ ಇರಲಿ, ವಾರಕ್ಕೆ ಎರಡು ಸಲ ಬಲದ ವ್ಯಾಯಾಮ, ದಿನಕ್ಕೆ ನಾಲ್ಕು ಪುಟ. ಇದಕ್ಕಿಂತ ಕೆಳಗೆ ಇಳಿಯಬಾರದು.

ಮಕ್ಕಳ ಜೊತೆಗಿನ ಪ್ರವಾಸ ದಯವಿಟ್ಟು ಬಿಡಬೇಡಿ. ದೂರ ಮಾತ್ರ ಕಡಿಮೆ ಮಾಡಿ. ಒಂದೇ ದಿನದಲ್ಲಿ 400 ಕಿಲೋಮೀಟರ್ ಕಾರಿನಲ್ಲಿ ಕೂತರೆ ಅದು ಪ್ರವಾಸವಲ್ಲ, ಇನ್ನೊಂದು ದಿನದ ಡ್ಯೂಟಿ. ಗದಗದಿಂದ ಹನ್ನೆರಡು ಕಿಲೋಮೀಟರ್ ಆಚೆ ಲಕ್ಕುಂಡಿ ಇದೆ. ನೀವು ಕೆಲಸಕ್ಕೆ ಅದರ ಪಕ್ಕದಲ್ಲೇ ಎಷ್ಟೋ ಸಲ ಹೋಗಿರುತ್ತೀರಿ. ಗುಡಿಗಳು ಊರ ತುಂಬ ಹರಡಿವೆ. ಕಾರು ಒಂದು ಕಡೆ ನಿಲ್ಲಿಸಿ ಗುಡಿಯಿಂದ ಗುಡಿಗೆ ನಡೆದೇ ಹೋಗಿ, ಮುಸುಕಿನ ಬಾವಿಯ ಮೆಟ್ಟಿಲು ಇಳಿದು ಹತ್ತಿ. ಬ್ರಹ್ಮ ಜಿನಾಲಯವನ್ನು 1007ರಲ್ಲಿ ಕಟ್ಟಿಸಿದ ಅತ್ತಿಮಬ್ಬೆ ಒಂದು ಕಾವ್ಯದ ಸಾವಿರ ಓಲೆಗರಿ ಪ್ರತಿ ಮಾಡಿಸಿ ಹಂಚಿದಳು ಅಂತಾರೆ. ಹೋಗುವ ಹಿಂದಿನ ವಾರ ಆಕೆಯ ಬಗ್ಗೆ ಓದಿ, ಮಕ್ಕಳಿಗೆ ಅಲ್ಲೇ ನಿಂತು ಹೇಳಿ. ನಡಿಗೆ, ಓದು, ತಿರುಗಾಟ ಮೂರೂ ಒಂದೇ ದಿನದಲ್ಲಿ ಆಯಿತು, ಅಲ್ವಾ? ಚಳಿಗಾಲದಲ್ಲಿ ಶಿರಹಟ್ಟಿ ಕಡೆ ಹೋದರೆ ಮಾಗಡಿ ಕೆರೆ ನೋಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಬೆಳಗಿನ ಹೊತ್ತು ಅಲ್ಲಿ ಕಾಣುತ್ತವೆ. ಬಂಕಾಪುರದ ಕೋಟೆಯಲ್ಲಿ ನವಿಲುಗಳಿವೆ, ಅದು ಹಾವೇರಿ ದಾರಿಯಲ್ಲೇ. ಇವೆಲ್ಲ ಸಂಜೆಯೊಳಗೆ ಮನೆಗೆ ಬಂದು, ಒಂಬತ್ತೂವರೆಗೆ ಮಲಗಬಹುದಾದ ಪ್ರವಾಸಗಳು.

ಮೆಟ್ಟಿಲು ಹತ್ತುವಾಗ ಎದೆ ಹಿಡಿದ ಹಾಗಾದರೆ, ಒಂದೇ ಕಾಲಿನ ಮೀನಖಂಡ ಬಾತು ನೋಯಿತೆಂದರೆ, ಮೊಣಕಾಲು ಊದಿಕೊಂಡರೆ ವ್ಯಾಯಾಮ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ. ಉಳಿದ ಮೈಕೈ ನೋವಿಗೆ ಎರಡು ದಿನ ಬಿಡುವು ಸಾಕು.

ನಿಮ್ಮ ಮನೆಯವರಿಗೆ ನನ್ನ ಒಂದು ಮಾತು ತಿಳಿಸಿ. ಮೂರರಲ್ಲಿ ಒಂದನ್ನು ಬಿಡುವ ಬದಲು, ವಾರದಲ್ಲಿ ಎರಡು ರಾತ್ರಿ ಪಾತ್ರೆ, ಮರುದಿನದ ಡಬ್ಬಿಯ ತಯಾರಿ ಅವರು ನೋಡಿಕೊಂಡರೆ ನೀವು ಹತ್ತಕ್ಕೆ ಮಲಗಬಹುದು.

ಈ ವಾರ ಕಣ್ಣು ಮತ್ತು ರಕ್ತ, ಎರಡೇ ತೋರಿಸಿ. ಕನ್ನಡಕ ಬಂದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ. ಆ 14 ಪುಸ್ತಕಗಳಲ್ಲಿ ಮೊದಲು ಯಾವುದನ್ನು ತೆಗೆದಿರಿ ಅಂತ ತಿಳಿದುಕೊಳ್ಳುವ ಆಸೆ ನನಗಿದೆ.